ಪದ ಪರಿಚಯ: ಬ್ರಿಟಿಷ್ ಚಾರ್ಟಿನ ಕ್ಲೈಂಬರ್, ಫಾಲರ್, ನಾನ್-ಮೂವರ್

ಬ್ರಿಟನ್ನಿನ ಅಧಿಕೃತ ಸಿಂಗಲ್ಸ್ ಚಾರ್ಟ್, ಅಂದರೆ ಬಿಡಿ ಹಾಡುಗಳ ಜನಪ್ರಿಯತೆಯ ವಾರದ ಪಟ್ಟಿ, ಪ್ರತಿ ಶುಕ್ರವಾರ ಸಂಜೆ ಪ್ರಕಟವಾಗುತ್ತದೆ. ಒಂದೊಂದು ಹಾಡಿನ ಪಕ್ಕದಲ್ಲೂ ನಾಲ್ಕು ಅಂಕಿಗಳಿರುತ್ತವೆ: ಈ ವಾರದ ಸ್ಥಾನ, ಕಳೆದ ವಾರದ ಸ್ಥಾನ, ಈವರೆಗೆ ತಲುಪಿದ ಅತಿ ಎತ್ತರದ ಸ್ಥಾನ (ಇದೇ ಪೀಕ್), ಚಾರ್ಟಿನಲ್ಲಿ ಕಳೆದ ಒಟ್ಟು ವಾರಗಳು. ಮೇಲೇರಿದ ಹಾಡು ಕ್ಲೈಂಬರ್, ಇಳಿದದ್ದು ಫಾಲರ್, ಇದ್ದಲ್ಲೇ ಉಳಿದದ್ದು ನಾನ್-ಮೂವರ್. ಮೊದಲ ಸಲ ಕಾಲಿಟ್ಟದ್ದು ನ್ಯೂ ಎಂಟ್ರಿ, ಹೊರಬಿದ್ದು ಮತ್ತೆ ಬಂದದ್ದು ರೀ-ಎಂಟ್ರಿ.

ಪದಗಳ ಅರ್ಥ ಇಷ್ಟೇ. ತೊಡಕು ಇರುವುದು ಅವುಗಳನ್ನು ಓದುವುದರಲ್ಲಿ. ಕ್ಲೈಂಬರ್ ಎಂದ ಮಾತ್ರಕ್ಕೆ ಆ ಹಾಡನ್ನು ಹೋದ ವಾರಕ್ಕಿಂತ ಹೆಚ್ಚು ಜನ ಕೇಳಿದ್ದಾರೆ ಎಂದು ಹೇಳಲಾಗದು, ಫಾಲರ್ ಎಂದರೆ ಜನ ಕೈಬಿಟ್ಟಿದ್ದಾರೆ ಎಂದೂ ಅಲ್ಲ. ಸ್ಥಾನ ಸಿಗುವುದು ಅಕ್ಕಪಕ್ಕದ ಹಾಡುಗಳ ಜೊತೆಗಿನ ಹೋಲಿಕೆಯಿಂದ. ಆ ಹೋಲಿಕೆಗೆ ಬಳಸುವ ತಕ್ಕಡಿಯೂ ಎಲ್ಲ ಹಾಡಿಗೂ ಒಂದೇ ಅಲ್ಲ.

ಮೊದಲು ತಾರೀಖಿನ ವಿಷಯ. ಲೆಕ್ಕದ ವಾರ ಶುಕ್ರವಾರ ಶುರುವಾಗಿ ಗುರುವಾರ ಮುಗಿಯುತ್ತದೆ, ಫಲಿತಾಂಶ ಮರುದಿನ. ಆದ್ದರಿಂದ 2022ರ ಜೂನ್ 17ರ ಚಾರ್ಟು ಎಣಿಸಿದ್ದು ಜೂನ್ 10ರಿಂದ 16ರವರೆಗಿನ ವ್ಯವಹಾರವನ್ನು. ಚಾರ್ಟಿನ ತಲೆಬರಹದಲ್ಲಿರುವ ವಾರ ಮಾತ್ರ 17ರಿಂದ 23. ಒಂದು ಘಟನೆಯ ಪರಿಣಾಮವನ್ನು ಚಾರ್ಟಿನಲ್ಲಿ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲೇ. 2015ರ ಜುಲೈಗೆ ಮುಂಚೆ ಲೆಕ್ಕದ ವಾರ ಭಾನುವಾರದಿಂದ ಶನಿವಾರದವರೆಗೆ ಇತ್ತು, ಘೋಷಣೆ ಭಾನುವಾರ ಸಂಜೆ ಆಗುತ್ತಿತ್ತು. ಜಗತ್ತಿನಾದ್ಯಂತ ಹೊಸ ಹಾಡುಗಳು ಶುಕ್ರವಾರವೇ ಬಿಡುಗಡೆಯಾಗಬೇಕೆಂಬ ಒಪ್ಪಂದ ಬಂದ ಮೇಲೆ ಚಾರ್ಟೂ ಅದಕ್ಕೆ ಹೊಂದಿಕೊಂಡಿತು.

ಇನ್ನು ತಕ್ಕಡಿ. 1952ರ ನವೆಂಬರ್ 14ರಂದು ಎನ್‌ಎಂಇ ಪತ್ರಿಕೆ ಮೊದಲ ಪಟ್ಟಿ ಅಚ್ಚು ಹಾಕಿದಾಗ ಕೆಲವು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ಮಾರಾಟ ವಿಚಾರಿಸಿದ್ದರು, ಪಟ್ಟಿಯಲ್ಲಿ ಇದ್ದದ್ದು 12 ಸ್ಥಾನ. ಇಂದು 100 ಸ್ಥಾನಗಳಿವೆ, ಸಂಖ್ಯೆಯ ಬಹುಪಾಲು ಸ್ಟ್ರೀಮಿಂಗ್‌ನಿಂದ ಬರುತ್ತದೆ. 2014ರಲ್ಲಿ ಸ್ಟ್ರೀಮಿಂಗ್ ಅನ್ನು ಸೇರಿಸಿದಾಗ 100 ಸಲ ಕೇಳಿದರೆ ಒಂದು ಮಾರಾಟಕ್ಕೆ ಸಮ ಎಂದು ಇಟ್ಟಿದ್ದರು. 2017ರಲ್ಲಿ ಅದು 150 ಆಯಿತು. 2018ರ ಜುಲೈಯಿಂದ ಎರಡು ದರಗಳಿವೆ: ಚಂದಾ ಕಟ್ಟಿ ಕೇಳುವವರ 100 ಸ್ಟ್ರೀಮ್‌ಗೆ ಒಂದು ಯೂನಿಟ್ (ಒಂದು ಮಾರಾಟಕ್ಕೆ ಸಮ), ಜಾಹೀರಾತು ಸಹಿಸಿಕೊಂಡು ಪುಕ್ಕಟೆ ಕೇಳುವವರ 600 ಸ್ಟ್ರೀಮ್‌ಗೆ ಒಂದು.

ಇಷ್ಟರಲ್ಲೇ ಮುಗಿದಿದ್ದರೆ ಓದುವುದು ಸುಲಭವಿತ್ತು. ಏರಿಳಿತವನ್ನು ನಿಜವಾಗಿ ಆಳುವ ನಿಯಮ ಬೇರೆಯಿದೆ, ಅದರ ಹೆಸರು ಆಕ್ಸಿಲರೇಟೆಡ್ ಚಾರ್ಟ್ ರೇಶಿಯೋ, ಚಿಕ್ಕದಾಗಿ ಎಸಿಆರ್. 2017ರಲ್ಲಿ ಬಂದ ಈ ನಿಯಮದ ಪ್ರಕಾರ ಹಾಡು ಕನಿಷ್ಠ 10 ವಾರ ಚಾರ್ಟಿನಲ್ಲಿದ್ದು, ಸತತ ಮೂರು ವಾರ ಇಳಿಮುಖವಾದರೆ ಅದರ ಸ್ಟ್ರೀಮ್‌ಗಳ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಈಗಿನ ದರದಲ್ಲಿ 100 ಇದ್ದದ್ದು 200, 600 ಇದ್ದದ್ದು 1200.

ಒಂದು ಕಾಲ್ಪನಿಕ ಹಾಡಿನ ಲೆಕ್ಕ ಹಾಕೋಣ. ವಾರದಲ್ಲಿ ಚಂದಾದಾರರಿಂದ 45 ಲಕ್ಷ ಸ್ಟ್ರೀಮ್ ಬಂದರೆ 45,000 ಯೂನಿಟ್. ಪುಕ್ಕಟೆ ಕೇಳುವವರ 12 ಲಕ್ಷಕ್ಕೆ 2,000. ಡೌನ್‌ಲೋಡ್ 1,000. ಒಟ್ಟು 48,000. ಮುಂದಿನ ವಾರ ಹಾಡು ಎಸಿಆರ್‌ಗೆ ಬಿತ್ತು, ಕೇಳುಗರು ಅಷ್ಟೇ ಇದ್ದಾರೆ ಎಂದುಕೊಳ್ಳಿ: 22,500 ಕೂಡಿಸು 1,000 ಕೂಡಿಸು 1,000, ಒಟ್ಟು 24,500. ಒಬ್ಬ ಕೇಳುಗನೂ ಕಡಿಮೆಯಾಗಿಲ್ಲ, ಆದರೂ ಹಾಡು ಹತ್ತಾರು ಮೆಟ್ಟಿಲು ಕೆಳಗೆ ಹೋಗಿರುತ್ತದೆ. ಹತ್ತು ವಾರ ದಾಟಿದ ಹಾಡು ಒಂದೇ ವಾರದಲ್ಲಿ 5ರಿಂದ 20ರ ಸುತ್ತಮುತ್ತಕ್ಕೆ ಜಾರಿದ್ದು ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಈ ನಿಯಮದ ಮೇಲೆ. ಡೌನ್‌ಲೋಡ್ ಮತ್ತು ಸಿಡಿ ಮಾರಾಟಕ್ಕೆ ಕತ್ತರಿ ಬೀಳುವುದಿಲ್ಲ. ಹೊಡೆತವೆಲ್ಲ ಸ್ಟ್ರೀಮ್‌ಗೇ.

ಕಟುವಾಗಿ ಕಂಡರೂ ಈ ನಿಯಮ ಬೇಕಿತ್ತು ಎಂದೇ ನಮ್ಮ ಅಭಿಪ್ರಾಯ. ಕೊಳ್ಳುವವನು ರೆಕಾರ್ಡನ್ನು ಒಂದೇ ಸಲ ಕೊಳ್ಳುತ್ತಾನೆ, ಕೇಳುವವನು ತಿಂಗಳುಗಟ್ಟಲೆ ಕೇಳುತ್ತಾನೆ. ಕತ್ತರಿ ಇಲ್ಲದಿದ್ದರೆ ಹಳೆಯ ಹಾಡುಗಳು ಜಾಗ ಬಿಡುವುದೇ ಇಲ್ಲ.

ಹಲವು ವರ್ಷ ಹಳೆಯದಾದ ಹಾಡು ಮರಳಿ ಬಂದರೆ ಅದು ಶುರುವಿನಿಂದಲೇ ಅರ್ಧ ಬೆಲೆಯಲ್ಲಿ ಓಡುತ್ತದೆ. ಕೇಟ್ ಬುಷ್ ಅವರ ‘ರನ್ನಿಂಗ್ ಅಪ್ ದಟ್ ಹಿಲ್’ ಇದಕ್ಕೆ ಒಳ್ಳೆಯ ಉದಾಹರಣೆ. 1985ರಲ್ಲಿ ಅದರ ಪೀಕ್ 3 ಆಗಿತ್ತು. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಬಳಕೆಯಾದ ಮೇಲೆ ಅರ್ಧ ಬೆಲೆಯ ಲೆಕ್ಕದಲ್ಲೇ 2ನೇ ಸ್ಥಾನದವರೆಗೆ ಏರಿತು. ಕೇಳುವವರ ಸಂಖ್ಯೆ ಮಾರುಕಟ್ಟೆಯ ಸಾಮಾನ್ಯ ಏರಿಕೆಯನ್ನು ಬಹಳ ಮೀರಿದರೆ ಹಾಡನ್ನು ಪೂರ್ಣ ಬೆಲೆಗೆ ಮರಳಿಸಲು ಅವಕಾಶವಿದೆ. ಈ ಹಾಡಿಗೂ ವಿನಾಯಿತಿ ಸಿಕ್ಕಿತು, ಜೂನ್ 17ರ ಚಾರ್ಟಿನಲ್ಲಿ ಅದು 1ನೇ ಸ್ಥಾನಕ್ಕೆ ಬಂತು.

ಇನ್ನೊಂದು ನಿಯಮಕ್ಕೆ ಕಾರಣ 2017ರ ಮಾರ್ಚ್. ಎಡ್ ಶೀರನ್ ಅವರ ಆಲ್ಬಂ ಬಿಡುಗಡೆಯಾದ ವಾರ ಮೇಲಿನ 20ರಲ್ಲಿ 16 ಹಾಡು ಅವರೊಬ್ಬರದೇ! ಅದೇ ಜುಲೈಯಿಂದ ಮುಖ್ಯ ಕಲಾವಿದರೊಬ್ಬರ ಮೂರು ಹಾಡುಗಳಿಗೆ ಮಾತ್ರ ಜಾಗ, ಆ ವಾರ ಅತಿ ಹೆಚ್ಚು ಯೂನಿಟ್ ಗಳಿಸಿದ ಮೂರಕ್ಕೆ. ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಆಲ್ಬಂ ಬಂದ ಎರಡನೇ ವಾರ ನಾಲ್ಕನೆಯ ಹಾಡು ಮೂರನೆಯದನ್ನು ಕೂದಲೆಳೆಯಷ್ಟು ದಾಟಿದರೆ ಅದು ನ್ಯೂ ಎಂಟ್ರಿ ಎಂದು ಕಾಣಿಸಿಕೊಳ್ಳುತ್ತದೆ, ಮೊನ್ನೆ ಮೇಲೆಲ್ಲೋ ಇದ್ದ ಹಾಡು ಪೂರ್ತಿ ಮಾಯವಾಗುತ್ತದೆ. ಎರಡಕ್ಕೂ ಕೇಳುಗರು ಹೆಚ್ಚುಕಡಿಮೆ ಮೊದಲಿನಷ್ಟೇ ಇರಬಹುದು.

ಹೋಲಿಕೆಯ ಪ್ರಭಾವ ಕಣ್ಣಿಗೆ ಹೊಡೆಯುವುದು ಜನವರಿಯಲ್ಲಿ. ಈಚಿನ ವರ್ಷಗಳಲ್ಲಿ ಕ್ರಿಸ್‌ಮಸ್ ವಾರ ಮೇಲಿನ 40ರಲ್ಲಿ ಅರ್ಧಕ್ಕೂ ಹೆಚ್ಚು ಹಬ್ಬದ ಹಾಡುಗಳೇ. ಹಬ್ಬ ಮುಗಿದೊಡನೆ ಅವೆಲ್ಲ ಒಟ್ಟಿಗೆ ಹೊರಡುತ್ತವೆ, ಕೆಳಗಿದ್ದ ಹಾಡುಗಳು ಏನೂ ಮಾಡದೆ 20, 30 ಸ್ಥಾನ ಮೇಲೆ ಬರುತ್ತವೆ. ಆ ವಾರದ ಕ್ಲೈಂಬರ್‌ಗಳಿಂದ ಯಾವ ತೀರ್ಮಾನಕ್ಕೂ ಬರಬೇಡಿ. ವ್ಯಾಮ್ ತಂಡದ ‘ಲಾಸ್ಟ್ ಕ್ರಿಸ್‌ಮಸ್’ 2021ರ ಜನವರಿ 1ರ ಚಾರ್ಟಿನಲ್ಲಿ ಮೊದಲನೆಯದಾಗಿತ್ತು, ಮರುವಾರ ಮೇಲಿನ 100ರಲ್ಲೇ ಇರಲಿಲ್ಲ. 2018ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳ ಹಾಡು ‘ತ್ರೀ ಲಯನ್ಸ್’ ಜುಲೈ 13ರಂದು 1ನೇ ಸ್ಥಾನದಲ್ಲಿತ್ತು, ಮುಂದಿನ ವಾರ 97ಕ್ಕೆ ಕುಸಿಯಿತು. ತಂಡ ಸೆಮಿಫೈನಲ್ ಸೋತದ್ದು 11ರಂದು, ಆ ಲೆಕ್ಕದ ವಾರ ಮುಗಿಯುವ ಹಿಂದಿನ ದಿನ. ಸೋಲಿನ ಪರಿಣಾಮ ಪೂರ್ತಿ ಬಿದ್ದದ್ದು ಮುಂದಿನ ಲೆಕ್ಕಕ್ಕೆ.

ಹಳೆಯ ಚಾರ್ಟುಗಳನ್ನು ಓದುವಾಗ ಬೇರೆ ಕನ್ನಡಕ ಹಾಕಿಕೊಳ್ಳಬೇಕು. 1990ರ ದಶಕದ ಉತ್ತರಾರ್ಧದಲ್ಲಿ ರೇಡಿಯೊಗಳು ಹಾಡನ್ನು ಬಿಡುಗಡೆಗೆ ವಾರಗಟ್ಟಲೆ ಮುಂಚೆಯೇ ಹಾಕುತ್ತಿದ್ದವು, ಅಂಗಡಿಗಳು ಮೊದಲ ವಾರ ರಿಯಾಯಿತಿಗೆ ಮಾರುತ್ತಿದ್ದವು. ಕಾದು ಕುಳಿತವರೆಲ್ಲ ಒಂದೇ ವಾರ ಕೊಂಡರೆ ಹಾಡು ಮೇಲೆಯೇ ಪ್ರವೇಶಿಸಿ ಅಲ್ಲಿಂದ ಬರೀ ಇಳಿಯುತ್ತದೆ. ಆಶಾ ಭೋಸ್ಲೆ ಅವರನ್ನು ನೆನೆಯುವ ಕಾರ್ನರ್‌ಶಾಪ್ ತಂಡದ ‘ಬ್ರಿಮ್‌ಫುಲ್ ಆಫ್ ಆಶಾ’ 1997ರಲ್ಲಿ 60ರಲ್ಲೇ ನಿಂತಿತ್ತು. ನಾರ್ಮನ್ ಕುಕ್ ರೀಮಿಕ್ಸ್ ಮಾಡಿದ ರೂಪ 1998ರ ಫೆಬ್ರವರಿಯಲ್ಲಿ ನೇರ 1ಕ್ಕೇ ಬಂತು. ಈಗಾದರೆ ಇಂಥ ರೀಮಿಕ್ಸ್ ಅನ್ನು ಸಾಮಾನ್ಯವಾಗಿ ಮೂಲ ಹಾಡಿನ ಲೆಕ್ಕಕ್ಕೇ ಸೇರಿಸುತ್ತಾರೆ.

ಒಟ್ಟು ವಾರಗಳ ಅಂಕಿ ಸತತ ವಾರಗಳದ್ದಲ್ಲ, ಹೋಗಿ ಬಂದದ್ದನ್ನೆಲ್ಲ ಕೂಡಿಸಿದ್ದು. ಕಿಲ್ಲರ್ಸ್ ತಂಡದ ‘ಮಿಸ್ಟರ್ ಬ್ರೈಟ್‌ಸೈಡ್’ 400ಕ್ಕೂ ಹೆಚ್ಚು ವಾರ ಮೇಲಿನ 100ರಲ್ಲಿ ಕಳೆದಿದೆ, ಪೀಕ್ ಮಾತ್ರ 10. ಪೀಕ್ ಒಂದನ್ನೇ ನೋಡಿದವರು ಇಂಥ ಹಾಡನ್ನು ಗಮನಿಸುವುದೇ ಇಲ್ಲ.

ಕೊನೆಯದಾಗಿ, ವಾರದ ನಡುವೆ ಹರಿದಾಡುವ ಮಿಡ್‌ವೀಕ್ ಸ್ಥಾನಗಳು. ಇವು ಮೊದಲ ಕೆಲವು ದಿನಗಳ ಅಂಕಿಗಳು. ಅಭಿಮಾನಿಗಳು ಡೌನ್‌ಲೋಡ್, ಸಿಡಿ, ವಿನೈಲ್ ಕೊಳ್ಳುವುದು ಹೆಚ್ಚಾಗಿ ಶುಕ್ರವಾರ, ಶನಿವಾರ. ಸ್ಟ್ರೀಮ್ ಏಳೂ ದಿನ ಸಮನಾಗಿ ಹರಿಯುತ್ತದೆ. ಅದಕ್ಕೇ ಭಾನುವಾರ 2ರಲ್ಲಿ ಕಂಡ ಹಾಡು ಶುಕ್ರವಾರದ ಹೊತ್ತಿಗೆ 15 ಅಥವಾ 20ರಲ್ಲಿ ಸಿಗಬಹುದು. ಅದನ್ನು ಇಳಿತ ಎನ್ನುವಂತಿಲ್ಲ. ಅದು ಆ ಹಾಡಿನ ಮೊದಲ ಅಧಿಕೃತ ಸ್ಥಾನ, ಅದರ ಮುಂದೆ ಬರೆಯುವುದು ನ್ಯೂ ಎಂಟ್ರಿ ಎಂದೇ.