30ಕ್ಕೆ 22 ಬಂದರೆ ಯಾವ ಕಾಯಿಲೆ? ಮರೆವಿನ ಪರೀಕ್ಷೆಗಳು ನಡೆದುಬಂದ ದಾರಿ

ಮರೆವು ಹೆಚ್ಚಾಯಿತೆಂದು ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ದರೆ, 30ಕ್ಕೆ ಇಷ್ಟು ಅಂಕ ಎಂಬ ವರದಿ ಕೈಗೆ ಬರುತ್ತದೆ. 22 ಬಂದ ಒಬ್ಬರಿಗೆ ‘ಎಂಸಿಐ’ ಎನ್ನುತ್ತಾರೆ: ನೆನಪು ಕುಂದಿದೆ, ಆದರೆ ನಿತ್ಯದ ಬದುಕು ಸಾಗುತ್ತಿದೆ. ಅಷ್ಟೇ ಅಂಕ ಪಡೆದ ಇನ್ನೊಬ್ಬರಿಗೆ ಆರಂಭಿಕ ಡಿಮೆನ್ಷಿಯಾ, ಅಂದರೆ ನಿತ್ಯದ ಬದುಕಿಗೇ ಅಡ್ಡಿಯಾಗುವಷ್ಟು ಮರೆವು. ಮನೆಯವರಿಗೆ ಗೊಂದಲವಾಗುವುದು ಸಹಜ.

ಈ 30 ಅಂಕಗಳ ಲೆಕ್ಕ ಶುರುವಾಗಿದ್ದು 1975ರಲ್ಲಿ, ಅಮೆರಿಕದಲ್ಲಿ ಬಂದ ಎಂಎಂಎಸ್‌ಇ ಎಂಬ ಪರೀಕ್ಷೆಯಿಂದ. ಎಂಸಿಐಗೆ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಪೀಟರ್ಸನ್ ತಂಡ 1999ರಲ್ಲಿ ಖಚಿತ ಮಾನದಂಡ ಕೊಟ್ಟಿತು. ಹಳೆಯ ಪರೀಕ್ಷೆಗೆ ಎಂಸಿಐ ಹೆಚ್ಚಾಗಿ ಸಿಗುತ್ತಿರಲಿಲ್ಲ. 2005ರಲ್ಲಿ ಕೆನಡಾದ ನಸ್ರೆದ್ದೀನ್ ತಂಡ ಮೊಕಾ ಪರೀಕ್ಷೆಯನ್ನು ಪ್ರಕಟಿಸಿದಾಗ, ಅವರ ಅಧ್ಯಯನದಲ್ಲಿ ಎಂಎಂಎಸ್‌ಇ ಗುರುತಿಸಿದ್ದು ಎಂಸಿಐ ಇದ್ದವರಲ್ಲಿ ಶೇ 18 ಮಂದಿಯನ್ನು, ಮೊಕಾ ಶೇ 90 ಮಂದಿಯನ್ನು.

ಈ ಎರಡೂ ಪರೀಕ್ಷೆಗಳು ಶಾಲೆ ಕಲಿತವರಿಗೆ ತಕ್ಕವು. 100ರಿಂದ ಏಳೇಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ ಎಂದರೆ ಪೆನ್ಸಿಲ್ಲನ್ನೇ ಹಿಡಿಯದ ಅಜ್ಜಿ ಏನು ಮಾಡಬೇಕು? ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಸಂಶೋಧಕರ ತಂಡವೊಂದು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿತು. 1995ರಲ್ಲಿ ಪ್ರಕಟವಾದ ಎಂಎಂಎಸ್‌ಇಯ ಹಿಂದಿ ರೂಪದಲ್ಲಿ ನೆನಪಿಡಬೇಕಾದ ಪದಗಳು ಮಾವು, ಕುರ್ಚಿ, ನಾಣ್ಯ. ಲೆಕ್ಕದ ಜಾಗಕ್ಕೆ ವಾರದ ದಿನಗಳನ್ನು ಕೊನೆಯಿಂದ ಮೊದಲಿಗೆ ಹೇಳುವುದು ಬಂತು. ವಾಕ್ಯ ಬರೆಯುವ ಬದಲು, ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’. ನಮ್ಮಲ್ಲಿ ಈ ವಿಷಯದಲ್ಲಿ ಆದ ಅತ್ಯಂತ ವಿವೇಕದ ಕೆಲಸ ಇದೇ ಎನ್ನಬೇಕು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿ ಐದು ಭಾಷೆಗಳಲ್ಲಿ, ಎಂಸಿಐಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಪರೀಕ್ಷೆಗಳ ಗುಚ್ಛವನ್ನು ಸಿದ್ಧಪಡಿಸಿತು. ಕೋಲಾರದ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಗಮನಿಸುತ್ತಿದೆ. ಊರವರ ಸರಾಸರಿಗಿಂತ ತಮ್ಮದೇ ಹಿಂದಿನ ಅಂಕದೊಂದಿಗೆ ಹೋಲಿಸಿದಾಗ ಇಳಿಕೆ ಸ್ಪಷ್ಟವಾಗುತ್ತದೆ.

ಹಾಗಿದ್ದರೂ ಎಂಸಿಐಗೂ ಡಿಮೆನ್ಷಿಯಾಕ್ಕೂ ನಡುವಿನ ಗೆರೆ ಅಂಕದಲ್ಲಿಲ್ಲ. ಹಣ ಎಣಿಸುವುದು, ಮಾತ್ರೆ ತೆಗೆದುಕೊಳ್ಳುವುದು, ಬಸ್ ಹಿಡಿದು ಊರಿಗೆ ಹೋಗಿಬರುವುದು ಸ್ವಂತವಾಗಿ ಆಗುತ್ತಿದೆಯೇ ಎಂಬುದೇ ಗೆರೆ. ಅದನ್ನು ಹೇಳಬೇಕಾದವರು ಜೊತೆಗೆ ಬಂದ ಮಗಳೋ ಸೊಸೆಯೋ. ಜನ ತುಂಬಿದ ಹೊರರೋಗಿ ವಿಭಾಗದಲ್ಲಿ ಅವರ ಮಾತಿಗೆ ಸಿಗುವ ಸಮಯ ತೀರಾ ಕಡಿಮೆ. ಖಿನ್ನತೆ, ಕಿವುಡು, ಥೈರಾಯ್ಡ್, ಬಿ12 ಕೊರತೆಯಿಂದಲೂ ಅಂಕ ಇಳಿಯಬಹುದು. ಅವನ್ನು ನೋಡದೆ ಹೆಸರಿಡುವುದು ಅನ್ಯಾಯ.

2023ರಲ್ಲಿ ಅಮೆರಿಕ ಪೂರ್ಣ ಅನುಮತಿ ಕೊಟ್ಟ ಲೆಕನೆಮ್ಯಾಬ್ ಔಷಧ, ಅಲ್ಝೈಮರ್‌ನಿಂದಾದ ಎಂಸಿಐ ಮತ್ತು ಆರಂಭಿಕ ಡಿಮೆನ್ಷಿಯಾ ಎರಡಕ್ಕೂ ಮೀಸಲು. ಹಾಗಾಗಿ ಕಾಯಿಲೆ ಮುಂದುವರಿಯುವ ಮೊದಲೇ ಗುರುತಿಸಬೇಕೆಂಬ ಒತ್ತಡ ಹೆಚ್ಚಿದೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಸೊಸೆ ಬಂದ ಮೇಲೆ ಅಜ್ಜಿ ಅಂಗಡಿಗೇ ಹೋಗಿರುವುದಿಲ್ಲ. ಆ ಕೆಲಸ ಅವರಿಂದ ಆಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಬಲ್ಲಭಗಡದ ತಂಡ ಇದಕ್ಕೆಂದೇ ಬೇರೆ ಪ್ರಶ್ನಾವಳಿ ಮಾಡಿತು: ಊರೊಳಗೆ ದಾರಿ ತಪ್ಪುತ್ತಾರೆಯೇ, ಹಬ್ಬ ನೆನಪಿದೆಯೇ, ಹೇಳಿಕಳಿಸಿದ ಮಾತನ್ನು ತಲುಪಿಸುತ್ತಾರೆಯೇ? ಅಂಕದ ವರದಿಯ ಜೊತೆ ಈ ಉತ್ತರಗಳನ್ನೂ ವೈದ್ಯರ ಮುಂದಿಡಲು ಮನೆಯವರು ಹಿಂಜರಿಯಬೇಕಿಲ್ಲ.