ಒಂದು ಗುಮ್ಮಟದ ಹೊಟ್ಟೆಯಲ್ಲಿ ಇನ್ನೊಂದು

ತಾಜ್‌ಮಹಲಿಗೆ ಹೋದವರೆಲ್ಲ ಗುಮ್ಮಟದ ಫೋಟೊ ತೆಗೆಯುತ್ತಾರೆ. ಒಳಗೆ ಹೋಗಿ ತಲೆ ಎತ್ತಿದಾಗ ಕಾಣುವುದು ಅದೇ ಗುಮ್ಮಟ ಅಲ್ಲ ಅನ್ನೋದು ಮಾತ್ರ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಕಟ್ಟಡದ ಒಟ್ಟು ಎತ್ತರ ಸುಮಾರು 73 ಮೀಟರ್. ಒಳಗೆ ಕಾಣುವ ಚಾವಣಿ ಅದರ ಅರ್ಧಕ್ಕೂ ಬರುವುದಿಲ್ಲ. ಅದು ಬೇರೆಯೇ ಒಂದು ಗುಮ್ಮಟ. ಅದರ ಮೇಲೆ ದೊಡ್ಡ ಖಾಲಿ ಜಾಗ, ಆಮೇಲೆ ನಾವು ಹೊರಗಿನಿಂದ ನೋಡಿದ್ದು.

ಇಷ್ಟು ಕಷ್ಟ ಯಾಕೆ? ಉತ್ತರ ಬೇಕಿದ್ದರೆ ದೆಹಲಿಯ ಹುಮಾಯೂನನ ಗೋರಿಗೆ ಹೋಗಿ. ಅಲ್ಲಿ ತಾಜ್‌ನಷ್ಟು ನೂಕುನುಗ್ಗಲಿಲ್ಲ, ನಿಧಾನವಾಗಿ ನೋಡಬಹುದು. 1556ರಲ್ಲಿ ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು ಸತ್ತ ಬಾದಶಹನಿಗೆ ಪತ್ನಿ ಹಾಜಿ ಬೇಗಂ ಕಟ್ಟಿಸಿದ್ದು ಇದು. ವಿನ್ಯಾಸ ಮೀರಕ್ ಮಿರ್ಜಾ ಘಿಯಾಸ್‌ನದು. ಜೋಡಿ ಗುಮ್ಮಟದ ಉಪಾಯ ಮಧ್ಯ ಏಷ್ಯಾದಲ್ಲಿ ಆಗಲೇ ಹಳತು. ಸಮರ್ಕಂದದಲ್ಲಿರುವ ತೈಮೂರನ ಗೋರಿಯಲ್ಲೂ ಅದು ಇದೆ.

ತೋಟದ ಬಾಗಿಲಲ್ಲಿ ನಿಂತರೆ ಬಿಳಿ ಗುಮ್ಮಟ ಪೂರ್ತಿ ಕಾಣುತ್ತದೆ. ನಡೆಯುತ್ತಾ ಹೋದ ಹಾಗೆ ಅದು ಮುಂದಿನ ದೊಡ್ಡ ಕಮಾನಿನ ಹಿಂದೆ ಇಳಿಯತೊಡಗುತ್ತದೆ. ಜಗಲಿ ಹತ್ತಿ ಗೋಡೆಯ ಹತ್ತಿರ ಹೋದರೆ ಮುಗೀತು, ಕೆಂಪು ಕಲ್ಲಿನ ಕಮಾನು ಬಿಟ್ಟು ಬೇರೇನೂ ಇಲ್ಲ. ದೂರದಿಂದ ಚೆನ್ನಾಗಿ ಕಾಣಬೇಕು ಅಂದರೆ ಗುಮ್ಮಟವನ್ನು ಎತ್ತರದ ದುಂಡು ಗೋಡೆಯ ಮೇಲೆ ಕೂರಿಸಲೇಬೇಕು. ಆದರೆ ಅಷ್ಟೆತ್ತರದ ಪೊಳ್ಳನ್ನು ಒಳಗೂ ಹಾಗೇ ಬಿಟ್ಟರೆ ಬಾವಿಯ ತಳದಲ್ಲಿ ನಿಂತ ಹಾಗಾಗುತ್ತದೆ, ಅಲ್ವಾ? ಹಾಗಾಗಿ ಕೋಣೆಯ ಅಳತೆಗೆ ಒಂದು, ಊರಿಗೆ ಕಾಣಲು ಒಂದು. ಹೊರಗಿನದು ಮುಖ್ಯವಾಗಿ ತೋರಿಕೆಗೇ ಕಟ್ಟಿದ್ದು ಅಂತ ನನ್ನ ಅನಿಸಿಕೆ. ನಡುವಿನ ಗಾಳಿ ಬಿಸಿಲಿನ ಝಳವನ್ನೂ ತಡೆಯುತ್ತದೆ. ಅದು ಬೋನಸ್ಸು.

ಎತ್ತರದಿಂದ ಇನ್ನೊಂದು ಲಾಭವೂ ಇದೆ. ಕಲ್ಲಿಗೆ ಒತ್ತಡ ತಡೆಯುವ ಶಕ್ತಿ ಜಾಸ್ತಿ, ಎಳೆತ ತಡೆಯುವ ಶಕ್ತಿ ತೀರಾ ಕಡಿಮೆ. ಅರ್ಧಗೋಳದ ಗುಮ್ಮಟವನ್ನು ಬಳೆಗಳಾಗಿ ಕತ್ತರಿಸಿ ನೋಡೋಣ. ಮೇಲಿನ ಬಳೆಗಳು ತಮ್ಮದೇ ಭಾರಕ್ಕೆ ಒಳಕ್ಕೆ ಬಿಗಿಯುತ್ತವೆ, ತೊಂದರೆಯಿಲ್ಲ. ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗೆ ಬಂದ ಮೇಲೆ ಬಳೆಗಳು ಹೊರಕ್ಕೆ ಅಗಲವಾಗಲು ನೋಡುತ್ತವೆ. ಬುಡದಲ್ಲಿ ಉದ್ದುದ್ದ ಬಿರುಕು ಬರುವುದು ಇದರಿಂದಲೇ. ಮೇಲಕ್ಕೆ ಚೂಪಾಗಿ ಏರಿದ ಗುಮ್ಮಟ ಭಾರವನ್ನು ಹೆಚ್ಚು ನೇರವಾಗಿ ಕೆಳಗಿಳಿಸುತ್ತದೆ, ಪಕ್ಕಕ್ಕೆ ತಳ್ಳುವುದು ಕಡಿಮೆ. ಉಳಿದ ತಳ್ಳಾಟಕ್ಕೆ ದಪ್ಪ ಗೋಡೆ ಇದ್ದೇ ಇದೆ.

ಇಂಥ ಕಟ್ಟಡದ ಮೇಲೆ ಸುಮ್ನೆ ಭಾರ ಹೇರಬಾರದು. ಆದರೆ 20ನೇ ಶತಮಾನದಲ್ಲಿ ಹುಮಾಯೂನನ ಗೋರಿಯ ತಾರಸಿ ಸೋರದಿರಲಿ ಅಂತ ಪದರದ ಮೇಲೆ ಪದರ ಕಾಂಕ್ರೀಟ್ ಸುರಿದಿದ್ದರು. ಇತ್ತೀಚಿನ ಜೀರ್ಣೋದ್ಧಾರದಲ್ಲಿ ಸುಮಾರು 10 ಲಕ್ಷ ಕಿಲೋ ಕಾಂಕ್ರೀಟನ್ನು ಕಿತ್ತು, ಸುಣ್ಣದ ಗಾರೆ ಹಾಕಿದರು. ಸಿಮೆಂಟು ನೀರನ್ನು ಒಳಗೇ ಹಿಡಿದಿಡುತ್ತದೆ. ಸುಣ್ಣದ ಗಾರೆಯಲ್ಲಿ ತೇವ ಆರಿಹೋಗುತ್ತದೆ.

ತಾಜ್ ಎದ್ದ ಆಸುಪಾಸಿನ ಕಾಲದಲ್ಲೇ ವಿಜಯಪುರದ ಆದಿಲ್‌ಶಾಹಿಗಳು ಬೇರೆ ದಾರಿ ಹಿಡಿದರು. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದಲ್ಲಿ ಇರುವುದು ಒಂದೇ ಗುಮ್ಮಟ, ಹೊರ ವ್ಯಾಸ ಸುಮಾರು 44 ಮೀಟರ್. ಕೆಳಗೆ ಒಂದೂ ಕಂಬವಿಲ್ಲ. ಹೊರಗೆ ಕಂಡಿದ್ದೇ ಒಳಗೂ ಕಾಣುತ್ತದೆ. ಹಾಗಾದರೆ ಪಕ್ಕಕ್ಕೆ ತಳ್ಳುವ ಬಲ? ಗುಮ್ಮಟದ ಬುಡಕ್ಕೆ ಕಣ್ಣು ಹಾಯಿಸಿ. ಒಂದರ ಮೇಲೊಂದು ಹಾಯ್ದುಹೋಗುವ 8 ಕಮಾನುಗಳು ಚೌಕ ಕೋಣೆಯನ್ನು ದುಂಡಗೆ ಕಿರಿದಾಗಿಸುತ್ತವೆ. ಅವುಗಳ ನಡುವಿನ ಕಲ್ಲು-ಗಾರೆಯೆಲ್ಲ ಒಳಕ್ಕೆ ಬಾಗಿ ನಿಂತಿದೆ. ಗುಮ್ಮಟ ಹೊರಕ್ಕೆ ತಳ್ಳಿದರೆ ಆ ಭಾರ ಒಳಕ್ಕೆ ಜಗ್ಗುತ್ತದೆ.