ಕರೆಂಟ್ ತಂತಿಯಲ್ಲಿ ಇಂಟರ್‌ನೆಟ್: ಡಬ್ಬದ ಮೇಲಿನ 200 ಎಲ್ಲಿ ಸೋರಿಹೋಗುತ್ತದೆ?

ಕಾಂಕ್ರೀಟ್ ತಾರಸಿ ದಾಟಿ ಮಹಡಿಗೆ ವೈಫೈ ಹತ್ತದಿದ್ದಾಗ ಪವರ್‌ಲೈನ್ ಅಡಾಪ್ಟರ್ ಜೋಡಿ ನೆನಪಾಗುತ್ತದೆ. ಒಂದನ್ನು ರೂಟರ್ ಪಕ್ಕದ ಸಾಕೆಟ್‌ಗೆ, ಇನ್ನೊಂದನ್ನು ಮಹಡಿಯ ಸಾಕೆಟ್‌ಗೆ ಚುಚ್ಚಿದರೆ ಗೋಡೆಯೊಳಗಿನ ವೈರಿಂಗೇ ನೆಟ್‌ವರ್ಕ್ ಕೇಬಲ್. ಡಬ್ಬದ ಮೇಲೆ 200 ಎಂಬಿಪಿಎಸ್ ಎಂದಿದ್ದರೂ ಕೈಗೆ 60 ಸಿಕ್ಕರೆ ಪುಣ್ಯ. ಆ 200 ಪೂರ್ತಿ ಸುಳ್ಳೇನಲ್ಲ, ಆದರೆ ಅದರ ಲೆಕ್ಕ ಬೇರೆ.

ಇಂಥ ಅಡಾಪ್ಟರ್‌ಗಳು ಪಾಲಿಸುವ 2005ರ ಹೋಮ್‌ಪ್ಲಗ್ ಎವಿ ಮಾನದಂಡವನ್ನೇ ನೋಡಿ. ನಮ್ಮ ಕರೆಂಟ್ 50 ಹರ್ಟ್ಸ್. ಡೇಟಾ ಓಡುವುದು 2ರಿಂದ 28 ಮೆಗಾಹರ್ಟ್ಸ್‌ನಲ್ಲಿ. ಅಡಾಪ್ಟರ್‌ನೊಳಗಿನ ಕೆಪಾಸಿಟರ್ ಮತ್ತು ಪುಟ್ಟ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ತಡೆದು ಈ ಮೇಲಿನ ಆವರ್ತನಗಳನ್ನಷ್ಟೇ ಒಳಬಿಡುತ್ತವೆ. ಹ್ಯಾಮ್ ರೇಡಿಯೊ ಮುಂತಾದವಕ್ಕೆ ಅಮೆರಿಕದ ನಿಯಮದಂತೆ ಜಾಗ ಬಿಟ್ಟರೆ ಉಳಿಯುವ ಉಪವಾಹಕಗಳು, ಅಂದರೆ ಡೇಟಾ ಹಂಚಿಕೊಂಡು ಹೊರುವ ಬಿಡಿ ಆವರ್ತನಗಳು, 917. ಪ್ರತಿಯೊಂದೂ 46.52 ಮೈಕ್ರೊಸೆಕೆಂಡಿಗೊಮ್ಮೆ ಹೆಚ್ಚೆಂದರೆ 10 ಬಿಟ್ ಹೊರುತ್ತದೆ. ಗುಣಿಸಿ ಭಾಗಿಸಿದರೆ 197. ಅದನ್ನೇ 200 ಎಂದು ಅಚ್ಚು ಹಾಕುತ್ತಾರೆ.

ಇದರಲ್ಲಿ ದೋಷ ತಿದ್ದುವ ಬಿಟ್‌ಗಳೂ ಸೇರಿವೆ. ಸಾಗುವ 21 ಬಿಟ್‌ಗಳಲ್ಲಿ ನಿಜವಾದ ಡೇಟಾ 16 ಮಾತ್ರ, ಅಲ್ಲಿಗೆ 150. ಮೇಲೆ ಪ್ರತಿ ಪ್ಯಾಕೆಟ್‌ನ ತಲೆಬರಹ, ತಲುಪಿದ್ದಕ್ಕೆ ಉತ್ತರ, ಸರದಿಗಾಗಿ ಕಾಯುವ ಹೊತ್ತು. ಹೋಗುವುದಕ್ಕೂ ಬರುವುದಕ್ಕೂ ತಂತಿ ಒಂದೇ, ಅದೂ ಎಲ್ಲ ಅಡಾಪ್ಟರ್‌ಗಳಿಗೂ ಸೇರಿ.

10 ಬಿಟ್ ಸಿಗುವುದು ತಂತಿ ಶುದ್ಧವಾಗಿದ್ದರೆ. ಅಡಾಪ್ಟರ್‌ಗಳು ಪ್ರತಿ ಉಪವಾಹಕವನ್ನೂ ಅಳೆದು, ಗದ್ದಲವಿದ್ದದ್ದಕ್ಕೆ 2 ಬಿಟ್ಟೋ 1 ಬಿಟ್ಟೋ ಹೊರಿಸುತ್ತವೆ, ತೀರಾ ಕೆಟ್ಟದ್ದನ್ನು ಕೈಬಿಡುತ್ತವೆ. ಕಷ್ಟವೆಂದರೆ ಗದ್ದಲ ಒಂದೇ ಸಮ ಇರುವುದಿಲ್ಲ. ಚಾರ್ಜರ್ ಕರೆಂಟ್ ಎಳೆಯುವುದು ವೋಲ್ಟೇಜ್ ತುದಿಗೇರಿದಾಗ, ಅಂದರೆ ಸೆಕೆಂಡಿಗೆ 100 ಸಲ. ತಂತಿಯ ಗುಣವೂ ಅಷ್ಟೇ ಸಲ ಬದಲಾಗುತ್ತದೆ. ಹಾಗಾಗಿ ಕರೆಂಟ್ ಅಲೆಯ ಒಂದೊಂದು ಭಾಗಕ್ಕೂ, ಯಾವ ಉಪವಾಹಕಕ್ಕೆ ಎಷ್ಟು ಬಿಟ್ ಎಂಬ ಬೇರೆ ಬೇರೆ ನಕ್ಷೆ ಇಟ್ಟುಕೊಳ್ಳುವುದು ಇದರ ಜಾಣತನ. ಮಿಕ್ಸಿಯ ಬ್ರಷ್ ಕಿಡಿಗೆ ಇಂಥ ತಾಳವೂ ಇಲ್ಲ. ಚಟ್ನಿ ರುಬ್ಬುವಷ್ಟು ಹೊತ್ತು ವೇಗ ಕುಸಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಸ್ಪೈಕ್ ಗಾರ್ಡ್. ಅದರೊಳಗೆ ಫೇಸ್ ಮತ್ತು ನ್ಯೂಟ್ರಲ್ ನಡುವೆ 0.1 ಮೈಕ್ರೊಫ್ಯಾರಡ್ ಫಿಲ್ಟರ್ ಕೆಪಾಸಿಟರ್ ಇದೆ ಎನ್ನೋಣ. 50 ಹರ್ಟ್ಸ್‌ಗೆ ಅದು ಸುಮಾರು 32,000 ಓಮ್, ಇದ್ದೂ ಇಲ್ಲದಂತೆ. 10 ಮೆಗಾಹರ್ಟ್ಸ್‌ಗೆ ಲೆಕ್ಕದ ಪ್ರಕಾರ 0.16 ಓಮ್, ಡೇಟಾ ಸಿಗ್ನಲ್‌ಗೆ ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟ್! ಆದ್ದರಿಂದ ಅಡಾಪ್ಟರನ್ನು ನೇರ ಗೋಡೆಯ ಸಾಕೆಟ್‌ಗೇ ಹಾಕಿ. ಅದರ ಮೈಮೇಲೆಯೇ ಸಾಕೆಟ್ ಇರುವ ಮಾಡೆಲ್ ಕೊಂಡರೆ, ಎಕ್ಸ್‌ಟೆನ್ಷನ್ ಬೋರ್ಡನ್ನು ಅಲ್ಲಿಗೆ ಚುಚ್ಚಬಹುದು. ಬೋರ್ಡಿನ ಗದ್ದಲ ಡೇಟಾಕ್ಕೆ ತಾಗದಂತೆ ಆ ಸಾಕೆಟ್‌ಗೆ ಸಾಮಾನ್ಯವಾಗಿ ಫಿಲ್ಟರ್ ಇರುತ್ತದೆ.

ಮೂರು ಫೇಸ್ ಮನೆಯಲ್ಲಿ ಎರಡು ಸಾಕೆಟ್ ಬೇರೆ ಬೇರೆ ಫೇಸ್‌ನಲ್ಲಿದ್ದರೆ, ಅಕ್ಕಪಕ್ಕ ಓಡುವ ತಂತಿಗಳ ನಡುವೆ ಸೋರಿದಷ್ಟೇ ಸಿಗ್ನಲ್ ದಾಟುತ್ತದೆ. ಡಿಬಿ ಬಾಕ್ಸ್‌ನಲ್ಲಿ (ಮನೆಯ ಎಂಸಿಬಿ ಸ್ವಿಚ್‌ಗಳಿರುವ ಪೆಟ್ಟಿಗೆ) ಎರಡನ್ನೂ ಒಂದೇ ಫೇಸ್‌ಗೆ ತರಲು ಎಲೆಕ್ಟ್ರಿಷಿಯನ್‌ಗೆ ಹೇಳಿ; ಕೈಯಾರೆ ಬೇಡ. ಕರೆಂಟ್ ಹೋದಾಗ ರೂಟರ್ ಯುಪಿಎಸ್ ಲೈನ್‌ನಲ್ಲಿ ಉಳಿದು ಮಹಡಿಯ ಅಡಾಪ್ಟರ್ ಆರಿಹೋಗುವುದೂ ಮಾಮೂಲಿ.

2012ರ ಎವಿ2 ಮಾನದಂಡ 86 ಮೆಗಾಹರ್ಟ್ಸ್‌ವರೆಗೆ ಏರಿತು, ಅರ್ಥ್ ತಂತಿಯನ್ನೂ ಸೇರಿಸಿ ಎರಡು ಹಾದಿ ಮಾಡಿತು. ಅರ್ಥಿಂಗ್ ಕೊಡದೆ ಬರೀ ಮೂರು ತೂತಿನ ಸಾಕೆಟ್ ಕೂರಿಸಿದ ಮನೆಯಲ್ಲಿ ಆ ಲಾಭವಿಲ್ಲ. ಕೊಳ್ಳುವಾಗ ಈಥರ್‌ನೆಟ್ ಪೋರ್ಟ್ ನೋಡಿ: ಡಬ್ಬದ ಮೇಲೆ 600 ಇದ್ದು ಪೋರ್ಟ್ 100ರದ್ದಾದರೆ ಒಂದು ದಿಕ್ಕಿಗೆ 95ರ ಮೇಲೆ ಬರಲಾರದು.

ಅಪಾರ್ಟ್‌ಮೆಂಟಿನಲ್ಲಿ ಸಿಗ್ನಲ್ ಮೀಟರ್ ದಾಟಿ ಪಕ್ಕದ ಮನೆಗೂ ಹೋಗಬಹುದು. ಹೊಸ ಅಡಾಪ್ಟರ್‌ಗಳು ಕಾರ್ಖಾನೆಯ ಒಂದೇ ಕೀಲಿಯೊಂದಿಗೆ (ಡೇಟಾವನ್ನು ಗುಟ್ಟಾಗಿಡುವ ಪಾಸ್‌ವರ್ಡ್‌ನಂಥದ್ದು) ಬಂದಿದ್ದರೆ ಎರಡೂ ಮನೆ ಒಂದೇ ನೆಟ್‌ವರ್ಕ್ ಆಗುತ್ತವೆ. ಹಾಕಿದ ದಿನವೇ ಒಂದರ ಪೇರ್ ಬಟನ್ ಒತ್ತಿ, ಎರಡು ನಿಮಿಷದೊಳಗೆ ಇನ್ನೊಂದರದ್ದನ್ನೂ ಒತ್ತಿ ಕೀಲಿ ಬದಲಿಸಿಕೊಳ್ಳಿ.